ಒಂದು ಮೂತ್ರಪರೀಕ್ಷೆಗೆ ಸಿಗುವ ಲೆಕ್ಕವಲ್ಲ

ಪ್ರಶ್ನೆ: ನನ್ನ ಸೊಸೆಗೆ ಈಗ ಐದು ತಿಂಗಳು. ಆಫೀಸಿನಲ್ಲಿ ಮಧ್ಯಾಹ್ನದ ಊಟ ಹೆಚ್ಚಾಗಿ ಪಾರ್ಸೆಲ್, ಬಿಸಿ ಸಾಂಬಾರು ತೊಟ್ಟೆಯಲ್ಲೇ ಬರುತ್ತದೆ. ಪ್ಲಾಸ್ಟಿಕ್ಕಿನ ರಾಸಾಯನಿಕ ಅವಳ ಮೈಗೆ ಎಷ್ಟು ಸೇರಿದೆ ಎಂದು ಪರೀಕ್ಷೆ ಮಾಡಿಸಬಹುದೇ?
– ಓದುಗರೊಬ್ಬರು, ಅಂಧೇರಿ ಪೂರ್ವ

ಅಳೆಯಬಹುದು. ಆದರೆ ಸೊಸೆಗೆ ಮಾಡಿಸಿ ಎಂದು ನಾನು ಹೇಳುವುದಿಲ್ಲ.

ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನ ಬಿಸ್ಫಿನಾಲ್-ಎ (ಬಿಪಿಎ) ಆಗಲಿ, ಪ್ಲಾಸ್ಟಿಕ್ಕನ್ನು ಮೆದುವಾಗಿಸುವ ಥ್ಯಾಲೇಟುಗಳಾಗಲಿ ಸೀಸದ ಹಾಗೆ ವರ್ಷಗಟ್ಟಲೆ ಮೂಳೆಯಲ್ಲಿ ಕೂರುವುದಿಲ್ಲ. ಹೊಟ್ಟೆಗೆ ಹೋದ ಬಿಪಿಎ ಬಹುಪಾಲು ಒಂದೇ ದಿನದಲ್ಲಿ ಮೂತ್ರದಲ್ಲಿ ಹೊರಬೀಳುತ್ತದೆ. ಅದಕ್ಕೇ ಅಳತೆಗೆ ರಕ್ತಕ್ಕಿಂತ ಮೂತ್ರ ಮೇಲು. ತೊಡಕೂ ಅಲ್ಲೇ ಇದೆ. ಮಂಗಳವಾರ ಕೊಟ್ಟ ಮೂತ್ರ ಸೋಮವಾರದಿಂದೀಚೆಗೆ ಏನು ತಿಂದಳು, ಏನು ಮುಟ್ಟಿದಳು ಎಂದಷ್ಟೇ ಹೇಳೀತು. ಬಸಿರಿನ ಅಷ್ಟೂ ತಿಂಗಳ ಕಥೆಯನ್ನಲ್ಲ. ನೀರು ಜಾಸ್ತಿ ಕುಡಿದಿದ್ದರೆ ಅಂಕಿ ಇಳಿಯುತ್ತದೆ, ಅದನ್ನು ಸರಿದೂಗಿಸಲು ಮೂತ್ರದಲ್ಲೇ ಇರುವ ಕ್ರಿಯಾಟಿನಿನ್ ಎಂಬ ತ್ಯಾಜ್ಯವನ್ನೂ ಅಳೆದು ನೋಡಬೇಕು. ಸಂಶೋಧಕರು ಬೇರೆ ಬೇರೆ ತಿಂಗಳಲ್ಲಿ ಹಲವು ಸಲ ಮಾದರಿ ಕೇಳುವುದು ಇದರಿಂದಲೇ.

ಈ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ ಜಾಣತನ ಒಂದಿದೆ. ಥ್ಯಾಲೇಟು ಲ್ಯಾಬಿನ ಕೊಳವೆಯಲ್ಲೂ ಧೂಳಿನಲ್ಲೂ ಇರುತ್ತದೆ. ಮೂತ್ರದಲ್ಲಿ ಅದನ್ನೇ ಹುಡುಕಿದರೆ ಮೈಯಿಂದ ಬಂತೋ ಬಾಟಲಿಯಿಂದ ಬಂತೋ ಗೊತ್ತಾಗದು. ಹಾಗಾಗಿ ದೇಹದೊಳಗೆ ಅದು ಒಡೆದು ಆಗುವ ಮೊನೊಎಸ್ಟರುಗಳನ್ನು ಹುಡುಕುತ್ತಾರೆ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲನ್ನೂ ಗುರುತಿಸುತ್ತದೆ.

ಇಷ್ಟೆಲ್ಲ ಮಾಡಿ ಬಂದ ಅಂಕಿಯನ್ನು ತೋರಿಸಿದರೂ, ಇದಕ್ಕಿಂತ ಮೇಲಾದರೆ ಮಗುವಿಗೆ ತೊಂದರೆ ಎಂದು ಹೇಳುವ ಗೆರೆ ವೈದ್ಯರ ಬಳಿ ಇಲ್ಲ. ನಮಗಿರುವುದು ಗುಂಪಿನ ತಿಳಿವಳಿಕೆ. 2005ರಲ್ಲಿ ಅಮೆರಿಕದ ಶಾನಾ ಸ್ವಾನ್ ತಂಡ ಬಸುರಿಯರ ಮೂತ್ರದ ಥ್ಯಾಲೇಟಿಗೂ ಅವರ ಗಂಡುಮಕ್ಕಳ ಜನನಾಂಗದ ಬೆಳವಣಿಗೆಗೂ ನಂಟು ಕಂಡಿತು. ನಿಮ್ಮ ಊರಿನಲ್ಲೇ, ಪರೇಲಿನ ರಾಷ್ಟ್ರೀಯ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲಿ ಗೀತಾ ವನಗೆಯವರ ತಂಡ ಬಸುರಿ ಇಲಿಗಳಿಗೆ ಬಿಪಿಎ ಕೊಟ್ಟು ನೋಡಿತು. ಹುಟ್ಟಿದ ಗಂಡುಮರಿಗಳ ಫಲವಂತಿಕೆ ಕುಗ್ಗಿತ್ತು ಎಂದು 2009ರಲ್ಲಿ ಪ್ರಕಟಿಸಿತು. ಇಲಿಯದ್ದೇ ಮನುಷ್ಯರಿಗೂ ಆಗುತ್ತದೆಂದಲ್ಲ. ಆದರೂ ತಳ್ಳಿಹಾಕುವ ಮಾತಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ, ದಿನಕ್ಕೆ ಹೊಟ್ಟೆಗೆ ಹೋಗಬಹುದಾದ ಬಿಪಿಎಯ ಸುರಕ್ಷಿತ ಮಿತಿಯನ್ನು ಹಿಂದಿನದಕ್ಕಿಂತ 20 ಸಾವಿರ ಪಟ್ಟು ಇಳಿಸಿತು.

ಆದ್ದರಿಂದ ಪರೀಕ್ಷೆಯ ದುಡ್ಡಿನಲ್ಲಿ ಒಳ್ಳೆಯ ಸ್ಟೀಲ್ ಡಬ್ಬಿ ತಂದುಕೊಡಿ. ಹೋಟೆಲಿನವರಿಗೆ ಸಾಂಬಾರನ್ನು ಅದರಲ್ಲೇ ಹಾಕಲು ಹೇಳಲಿ. ಎಣ್ಣೆ, ತುಪ್ಪದ ಪದಾರ್ಥ ಮೆದು ಪ್ಲಾಸ್ಟಿಕ್ಕಿನಿಂದ ಥ್ಯಾಲೇಟು ಬೇಗ ಎಳೆದುಕೊಳ್ಳುತ್ತದೆ, ಬಿಸಿ ಇದ್ದರಂತೂ ಇನ್ನೂ ಬೇಗ. ಆಫೀಸಿನ 20 ಲೀಟರ್ ನೀರಿನ ಜಾರಿನ ತಳ ನೋಡಿಸಿ: ತ್ರಿಕೋನದೊಳಗೆ 7 ಎಂದಿದ್ದರೆ ಅದು ಪಾಲಿಕಾರ್ಬೊನೇಟ್ ಆಗಿರಬಹುದು, ಎಂದರೆ ಬಿಪಿಎಯಿಂದ ಮಾಡಿದ್ದು. ಅಂಗಡಿಯ ನುಣುಪು ಬಿಲ್ ಕಾಗದದಲ್ಲೂ ಬಿಪಿಎ ಇರುವುದುಂಟು, ಬೇಡವೆಂದರಾಯಿತು. ಸುಗಂಧದ್ರವ್ಯದಲ್ಲಿಯೂ ಒಂದು ಥ್ಯಾಲೇಟು ಬಳಕೆಯಲ್ಲಿದೆ, ಈ ಕೆಲವು ತಿಂಗಳು ಸೆಂಟು ಕಡಿಮೆ ಮಾಡಲಿ. ಇಲ್ಲಿಯವರೆಗೆ ತಿಂದದ್ದಕ್ಕೆ ಅವಳನ್ನು ಮಾತ್ರ ದೂರಬೇಡಿ.

ಮುಂದೆಂದಾದರೂ ಆಸ್ಪತ್ರೆಯಲ್ಲಿ ಇಂಥ ಅಧ್ಯಯನಕ್ಕೆ ಮೂತ್ರದ ಮಾದರಿ ಕೇಳಿದರೆ, ಅವಳಿಗೆ ಒಪ್ಪಿಗೆಯಿದ್ದರೆ, ಕೊಡಲಿ. ಒಬ್ಬಳಿಗೆ ಉತ್ತರ ಕೊಡದ ಅಂಕಿ ಸಾವಿರಾರು ಹೆಂಗಸರದ್ದು ಸೇರಿದಾಗ ನಮ್ಮಲ್ಲೂ ಮಿತಿ ನಿಗದಿ ಮಾಡಲು ಬೇಕಾಗುತ್ತದೆ.