ಕೈ ಸರಿಹೋಯಿತೆಂದು ಕಾಯಬೇಡಿ

ಪ್ರಶ್ನೆ: ನಾವು ಬೆಳಗಾವಿಯ ಹಿಂದವಾಡಿಯವರು. ನಮ್ಮ ಮನೆಯವರಿಗೆ 58 ವರ್ಷ, ಬಿ.ಪಿ. ಇದೆ. ಇವತ್ತು ಮುಂಜಾನೆ ಚಹಾ ಕುಡಿಯುವಾಗ ಬಲಗೈಯೊಳಗಿನ ಬಸಿ ಜಾರಿ ಬಿತ್ತು. ಬಾಯಿ ಸೊಟ್ಟಗಾಗಿ ಮಾತು ತೊದಲಿತು. ಹದಿನೈದು ನಿಮಿಷಕ್ಕೆ ಎಲ್ಲ ಸರಿಹೋಯಿತು. ಈಗ ‘ನನಗೇನ ಆಗೇದ? ಪಿತ್ತ ಏರಿತ್ತು, ಆರಾಮ ಅದೀನಿ’ ಅನ್ನುತ್ತಾರೆ. ಖಾನಾಪುರದ ಗದ್ದೆಯಲ್ಲಿ ನಾಟಿ ನಡೆದಿದೆ, ನಾಳೆ ಸ್ಕೂಟರ್ ಮೇಲೆ ಹೊರಡುತ್ತಾರಂತೆ. ಪುಣೆಯಲ್ಲಿರುವ ಮಗ ಶನಿವಾರ ಬರುತ್ತಾನೆ. ಅಲ್ಲಿಯವರೆಗೆ ಕಾಯಬಹುದೇ? ಹಟ ಮಾಡಿದರೆ ಅವರಿಗೆ ಸಿಟ್ಟು ಬರುತ್ತದೆ.

ಉತ್ತರ: ತಂಗೀ, ನಿಮ್ಮ ಸಂದೇಶ ನೋಡಿದ ಕೂಡಲೇ ಫೋನ್ ಮಾಡಿದ್ದೆ. ಉತ್ತರ ಅಚ್ಚಾಗಿ ಬರುವವರೆಗೆ ಕಾಯುವ ವಿಷಯ ಇದಾಗಿರಲಿಲ್ಲ. ಅಂದು ನಿಮಗೆ ಹೇಳಿದ್ದನ್ನೇ ಉಳಿದ ಓದುಗರಿಗೂ ತಿಳಿಯಲೆಂದು ಬರೆಯುತ್ತಿದ್ದೇನೆ. ಶನಿವಾರದವರೆಗೆ ಕಾಯಬಾರದು. ನಾಳೆಯೂ ಬೇಡ. ಇವತ್ತೇ, ಈಗಲೇ ಹೊರಡಿ.

ಹೀಗೆ ಬಂದು ಹೋಗುವುದನ್ನು ಡಾಕ್ಟರರು ಟಿಐಎ ಅನ್ನುತ್ತಾರೆ. ನಮ್ಮ ಕಡೆ ಸಣ್ಣ ಲಕ್ವಾ ಅನ್ನುವುದುಂಟು. ಗದ್ದೆಯ ಕಾಲುವೆಗೆ ಕಸ ಸಿಕ್ಕಿ ನೀರು ನಿಂತು, ಕಸ ಸರಿದ ಮೇಲೆ ಮತ್ತೆ ಹರಿಯುತ್ತದಲ್ಲ, ಹಾಗೆ ಮೆದುಳಿನ ರಕ್ತನಾಳದಲ್ಲಿ ಗರಣೆ ಸಿಕ್ಕಿ ಸರಿದಿರುತ್ತದೆ. ಆದರೆ ಆ ಗರಣೆ ಎಲ್ಲಿಂದ ಬಂತೋ ಆ ಜಾಗ ಇನ್ನೂ ಹಾಗೇ ಇರುತ್ತದೆ. ದೊಡ್ಡ ಲಕ್ವಾ ಹೊಡೆಯುವ ಅಪಾಯ ಮೊದಲ 48 ತಾಸಿನಲ್ಲೇ ಎಲ್ಲಕ್ಕಿಂತ ಹೆಚ್ಚು.

ಇದರಲ್ಲಿ ಧೈರ್ಯ ತುಂಬುವ ಮಾತೂ ಇದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಇಂಥ ರೋಗಿಗಳನ್ನು ಗಮನಿಸಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚಿಕಿತ್ಸೆ ತಡವಾಗುತ್ತಿದ್ದ ಕಾಲದಲ್ಲಿ 90 ದಿನಗಳೊಳಗೆ ನೂರಕ್ಕೆ ಸುಮಾರು 10 ಮಂದಿಗೆ ಮತ್ತೆ ಲಕ್ವಾ ಹೊಡೆದಿತ್ತು. ಕೂಡಲೇ ಪರೀಕ್ಷಿಸಿ ಔಷಧ ಶುರು ಮಾಡಿದಾಗ ಅದು 2ಕ್ಕೆ ಇಳಿಯಿತು. ಅದಕ್ಕೆ ಬಳಸಿದ್ದು ಬಹುತೇಕ ಸಾದಾ ಮಾತ್ರೆಗಳೇ. ಬೇಗ ಕೊಟ್ಟದ್ದರಿಂದಲೇ ಇಷ್ಟು ಲಾಭವಾಯಿತು.

ನಿಮಗೆ ಹಾದಿಯೂ ದೂರವಿಲ್ಲ. ನೆಹರು ನಗರದ ಕೆಎಲ್‌ಇ ಆಸ್ಪತ್ರೆ, ಬಿಮ್ಸ್‌ನ ಜಿಲ್ಲಾ ಆಸ್ಪತ್ರೆ ಎರಡೂ ಊರೊಳಗೇ ಇವೆ. ಹೊರರೋಗಿ ಚೀಟಿಯ ಸಾಲಿನಲ್ಲಿ ನಿಲ್ಲದೆ ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ, ‘ಮುಂಜಾನೆ ಲಕ್ವಾದ ಲಕ್ಷಣ ಬಂದು ಹೋಗಿದೆ’ ಎಂದೇ ಹೇಳಿ. ಮೆದುಳಿನ ಸ್ಕ್ಯಾನ್, ಇಸಿಜಿ, ಸಕ್ಕರೆ, ಕುತ್ತಿಗೆಯ ರಕ್ತನಾಳದ ಡಾಪ್ಲರ್ ಇವೆಲ್ಲ ಬೇಕಾಗಬಹುದು. ಸ್ಕ್ಯಾನ್ ಆಗುವ ಮೊದಲು ನೀವಾಗಿ ಆಸ್ಪಿರಿನ್ ಕೊಡಬೇಡಿ. ರಕ್ತಸ್ರಾವವಾಗಿದ್ದರೆ ಅದೇ ಮುಳುವಾಗುತ್ತದೆ. ಬಿ.ಪಿ. ಮಾತ್ರೆಯನ್ನು ಹೆಚ್ಚಿಗೆ ನುಂಗಿಸಬೇಡಿ. ಎಣ್ಣೆ ತಿಕ್ಕುವುದು, ಗಾವಟಿ ಔಷಧ ಹುಡುಕಿ ಹೋಗುವುದು ಬೇಡವೇ ಬೇಡ. ಸ್ಕೂಟರಿನ ಕೀಲಿ ನಿಮ್ಮ ಹತ್ತಿರವೇ ಇರಲಿ.

ಅವರನ್ನು ಒಪ್ಪಿಸುವುದು ಹೇಗೆ? ‘ನಿಮಗ ಲಕ್ವಾ ಆಗೇದ’ ಎಂದು ವಾದಕ್ಕಿಳಿದರೆ ಅವರೂ ವಾದಿಸುತ್ತಾರೆ. ಆ ಸಿಟ್ಟಿನ ಹಿಂದೆ ಅಂಜಿಕೆ ಇದೆ. ಪಕ್ಕದಲ್ಲಿ ಕುಳಿತು, ಆ ಬಲಗೈ ಹಿಡಿದು, ‘ನನ್ನ ಸಮಾಧಾನಕ್ಕಾದ್ರೂ ಬರ್ರಿ. ನಾಟಿ ಎರಡ ದಿನ ತಡ ಆದ್ರ ಭತ್ತಕ್ಕೇನೂ ಆಗೂದಿಲ್ಲ’ ಅನ್ನಿ. ಮಗನಿಂದ ಫೋನಿನಲ್ಲಿ ಇದೇ ಮಾತು ಹೇಳಿಸಿ, ಆದರೆ ಅವನ ಬರವಿಗಾಗಿ ಕಾಯಬೇಡಿ.

ಇದು ಮತ್ತೆ ಬಂದರೆ ಗುರುತಿಸಲು ಮನೆಮಂದಿಗೆಲ್ಲ ಕಲಿಸಿಡಿ. ನಗಲು ಹೇಳಿ: ಬಾಯಿ ಒಂದು ಕಡೆ ಇಳಿಯುತ್ತದೆಯೇ? ಎರಡೂ ಕೈ ಎತ್ತಲು ಹೇಳಿ: ಒಂದು ಕೆಳಗೆ ಬೀಳುತ್ತದೆಯೇ? ಒಂದು ವಾಕ್ಯ ಹೇಳಿಸಿ: ಮಾತು ತೊದಲುತ್ತದೆಯೇ? ದೃಷ್ಟಿ ಮಂಜಾಗುವುದು, ತೋಲ ತಪ್ಪುವುದೂ ಲಕ್ಷಣಗಳೇ. ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಬಾಯಿಗೆ ನೀರು ಕೂಡ ಹಾಕಬೇಡಿ, ನುಂಗಲು ಆಗದೆ ಉಸಿರುನಾಳಕ್ಕೆ ಹೋದೀತು. ಗರಣೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ತಾಸಿನೊಳಗೆ ಕೊಡುವಂಥದ್ದು. ಜಾಂಬೋಟಿ, ಕಣಕುಂಬಿ ಕಡೆಯ ಕಾಡಂಚಿನ ಊರವರಿಗೆ ಮಳೆಗಾಲದಲ್ಲಿ ಹಾದಿಯಲ್ಲೇ ಎಷ್ಟೋ ಹೊತ್ತು ಹೋಗುತ್ತದೆ. ಅವರು ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದೆಂದು ಇವತ್ತೇ ತಿಳಿದಿಟ್ಟುಕೊಳ್ಳಲಿ.

ಕೊನೆಗೆ ಒಂದು ಸಣ್ಣ ಕೆಲಸ. ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ಚೌಕದೊಳಗೆ ಬಸಿ ಬಿದ್ದ ಹೊತ್ತು, ಕೈ ಸರಿಹೋದ ಹೊತ್ತು ಎರಡನ್ನೂ ಬರೆದು, ಆ ಹಾಳೆಯ ಫೋಟೊ ತೆಗೆದುಕೊಂಡು ಹೋಗಿ. ತುರ್ತು ವಿಭಾಗದಲ್ಲಿ ಮೊದಲು ಕೇಳುವುದೇ ‘ಎಷ್ಟು ಗಂಟೆಗೆ ಆಯಿತು?’ ಎಂದು. ಮುಂಜಾನೆ ಅವರ ಎದುರಿಗಿದ್ದವರು ನೀವು. ಆ ಉತ್ತರ ಕೊಡಬಲ್ಲವರೂ ನೀವೇ.