ಪಾವು ಅಂದರೆ ಕಾಲು ಕೆ.ಜಿ. ಅಲ್ಲ

ಪುರವರ, ಕೊರಟಗೆರೆ, ಶಿರಾ ಕಡೆಯ ಮನೆಗಳಲ್ಲಿ ಹಿರಿಯರು ಅಡುಗೆ ಹೇಳಿಕೊಡುವುದು ಇಂದಿಗೂ ಪಾವು, ಅಚ್ಚೇರು, ಸೇರಿನ ಲೆಕ್ಕದಲ್ಲೇ. ಅಂಗಡಿಯಲ್ಲಿ ಕೊಡುವುದು ಕೆ.ಜಿ.ಯಲ್ಲಿ. 1956ರ ಕಾಯ್ದೆ ಬಂದು, 1958ರಿಂದ ಮೆಟ್ರಿಕ್ ತೂಕ ಜಾರಿಯಾದರೂ ಒಲೆಯ ಪಕ್ಕದ ಪಾವು ಕದಲಲಿಲ್ಲ. ನಾಲ್ಕು ಪಾವಿಗೆ ಒಂದು ಸೇರು, ಸೇರೆಂದರೆ ಒಂದು ಕೆ.ಜಿ., ಹಾಗಾಗಿ ಪಾವು ಎಂದರೆ ಕಾಲು ಕೆ.ಜಿ. ಎಂದು ಹೊಸಬರು ಲೆಕ್ಕ ಹಾಕಿಬಿಡುತ್ತಾರೆ. ಪಾವು ಪಾತ್ರೆಯ ಅಳತೆ, ತೂಕವಲ್ಲ; ಚಕ್ಕುಲಿ ಕೆಡುವುದು ಇಲ್ಲೇ.

ಮೊದಲು ನಿಮ್ಮ ಪಾವನ್ನು ಪರೀಕ್ಷಿಸಿ. ಅಂಗಡಿಯ ಸ್ಟೀಲ್ ಪಾವುಗಳೆಲ್ಲ ಒಂದೇ ಗಾತ್ರದವಲ್ಲ. ಖಾಲಿ ಪಾವನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ, ಕಂಠಮಟ್ಟ ನೀರು ತುಂಬಿ. ಎಷ್ಟು ಗ್ರಾಂ ಬಂತೋ ಅಷ್ಟೇ ಮಿಲಿಲೀಟರ್ ಅದರ ಅಳತೆ. ತಕ್ಕಡಿ ಇಲ್ಲದಿದ್ದರೆ ಒಂದು ಲೀಟರ್ ನೀರಿನ ಬಾಟಲಿ ಸಾಕು: ನಾಲ್ಕು ಸಲ ಸರಿಯಾಗಿ ತುಂಬಿದರೆ ನಿಮ್ಮದು 250 ಮಿ.ಲೀ. ಪಾವು.

ಅಂಥ ಪಾವಿನಲ್ಲಿ ಅಕ್ಕಿ, ಸಕ್ಕರೆ ಸುಮಾರು 200 ಗ್ರಾಂ ಹಿಡಿಯುತ್ತವೆ. ಸುಲಿದ ಕಡಲೆಕಾಯಿ ಬೀಜ 150ರ ಆಸುಪಾಸು. ರಾಗಿ ಹಿಟ್ಟು ಸಡಿಲವಾಗಿದ್ದರೆ 140ರ ಹತ್ತಿರ. ಬೇಕಾದ ಗ್ರಾಂ ಲೆಕ್ಕವನ್ನು ಆ ಪದಾರ್ಥದ ಒಂದು ಪಾವಿನ ತೂಕದಿಂದ ಭಾಗಿಸಿ. ಅರ್ಧ ಕೆ.ಜಿ. ರಾಗಿ ಹಿಟ್ಟಿಗೆ ಮೂರೂವರೆ ಪಾವು ಬೇಕು, ಎರಡಲ್ಲ.

ಇನ್ನು ಹಿಟ್ಟಿನ ವಿಷಯ. ಹೆಚ್ಚಿನವರು ಎಡವುವುದು ಇದರಲ್ಲೇ. ಡಬ್ಬಿಯೊಳಗೆ ಪಾವನ್ನು ಅದ್ದಿ ತುಂಬಬೇಡಿ. ಡಬ್ಬಿಯ ಅಂಚಿಗೆ ಕುಟ್ಟಲೂ ಬೇಡಿ. ಕುಟ್ಟಿದರೆ ಅದೇ ಪಾವಿಗೆ ಇಪ್ಪತ್ತು ಮೂವತ್ತು ಗ್ರಾಂ ಹೆಚ್ಚು ಇಳಿಯುತ್ತದೆ. ಹಿಟ್ಟನ್ನು ಜರಡಿ ಹಿಡಿದು, ಚಮಚದಿಂದ ಪಾವಿಗೆ ಸುರಿದು, ಚಾಕುವಿನ ಬೆನ್ನಿನಿಂದ ಮೇಲೆ ಸವರಿ. ಅಮ್ಮನ ಪಾವು ರಾಶಿ ಅಳತೆಯೋ ಸಮ ಅಳತೆಯೋ ಎಂದೂ ಕೇಳಿಕೊಳ್ಳಿ. ರಾಶಿ ತುಂಬುವವರೇ ಜಾಸ್ತಿ. ಮಿಲ್ಲಿನಿಂದ ಆಗಷ್ಟೇ ತಂದ ಹಿಟ್ಟು ಉಬ್ಬಿಕೊಂಡಿರುತ್ತದೆ, ವಾರ ಕಳೆದರೆ ಕುಗ್ಗಿ ಕೂರುತ್ತದೆ. ಮಾರಾಟಕ್ಕೆ ತಿಂಡಿ ಮಾಡುವ ಸ್ತ್ರೀಶಕ್ತಿ ಸಂಘದವರಂತೂ ಹಿಟ್ಟನ್ನು ತೂಗಿಯೇ ಹಾಕಬೇಕು. ಇಲ್ಲದಿದ್ದರೆ ಒಂದು ಸಲದ ಚಕ್ಕುಲಿ ಗರಿಗರಿ, ಮುಂದಿನ ಸಲದ್ದು ಕಲ್ಲು.

‘ನಾಲ್ಕು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ’ ಎಂದಿದ್ದರೆ ಈ ಲೆಕ್ಕವೇ ಬೇಡ. ಎರಡನ್ನೂ ಒಂದೇ ಪಾತ್ರೆಯಲ್ಲಿ ಅಳೆಯಿರಿ, ಅದು ಕಾಫಿ ಲೋಟವಾದರೂ ಸರಿ. ಒಂದನ್ನು ತೂಗಿ ಇನ್ನೊಂದನ್ನು ಅಳೆದರೆ ಮಾತ್ರ ಎಡವಟ್ಟು.

ಬೆಲ್ಲವನ್ನು ಯಾವತ್ತೂ ತೂಗಿ. ಅಚ್ಚು, ಚೂರು, ಪುಡಿ ಒಂದೊಂದೂ ಪಾವಿನಲ್ಲಿ ಒಂದೊಂದು ತೂಕ. ಹಳೆಯ ಕೈಬರಹದ ಪುಸ್ತಕದಲ್ಲಿ ‘ಒಂದು ಸೇರು ಬೆಲ್ಲ’ ಎಂದಿದ್ದರೆ ಜೋಕೆ. ಹಳೆ ಮೈಸೂರು ಸೀಮೆಯ ತೂಕದ ಕಚ್ಚಾ ಸೇರು 24 ತೊಲ, ಅಂದರೆ ಸುಮಾರು 280 ಗ್ರಾಂ. ಅದನ್ನು ಒಂದು ಕೆ.ಜಿ. ಎಂದುಕೊಂಡರೆ ಒಬ್ಬಟ್ಟಿನ ಹೂರಣ ಪಾಕವಾಗುತ್ತದೆ.

ಎಣ್ಣೆ: ಒಂದು ಲೀಟರಿಗೆ ಸುಮಾರು 910 ಗ್ರಾಂ. ಟೀ ಚಮಚ 5 ಮಿ.ಲೀ., ಊಟದ ದೊಡ್ಡ ಚಮಚ 15. ಕಲ್ಲುಪ್ಪು, ಪುಡಿಯುಪ್ಪು ಚಮಚದಲ್ಲಿ ಸಮ ಅಲ್ಲ. ರುಚಿ ನೋಡಿ ಹಾಕಿ.