ಗಂಡು ಗಿನಿಪಿಗ್: ಮೈಶುಚಿ ಮತ್ತು ಆರೈಕೆ

ಮುಂಬಯಿಯಂತಹ ಮಹಾನಗರದ ಎರಡು ಕೋಣೆಗಳ ಬಿಡಾರದಲ್ಲಿ ನಾಯಿಯನ್ನು ಸಾಕುವುದು ದುಸ್ತರ. ಮಕ್ಕಳ ಹಟಕ್ಕೆ ಮಣಿದ ಕೆಲವು ಮನೆಗಳಲ್ಲಿ ಅದರ ಸ್ಥಾನವನ್ನು ಗಿನಿಪಿಗ್ ತುಂಬುತ್ತದೆ. ನಮ್ಮ ಮನೆಗೂ ಅದು ಹಾಗೆಯೇ ಬಂದಿತು. ಈ ಲೇಖಕನು ಪಶುವೈದ್ಯನಲ್ಲ; ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಾಲ ಕಳೆಯುವ ವಾಣಿಜ್ಯ ಪದವೀಧರ. ಆದರೂ ಸ್ವಂತ ತಪ್ಪಿನಿಂದ ಕಲಿತ ಪಾಠವೊಂದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶದ ಜನರು ಸಹಸ್ರಾರು ವರ್ಷಗಳ ಹಿಂದೆಯೇ ಪಳಗಿಸಿದ ಈ ಪ್ರಾಣಿ ಹಂದಿಯಲ್ಲ. ಇಲಿ, ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದುದು. ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಗೊಳಿಸಿಕೊಳ್ಳುವುದರಿಂದ ಅದಕ್ಕೆ ನಮ್ಮ ನೆರವು ಬೇಕಿಲ್ಲವೆಂದು ನಾವು ನಂಬಿದ್ದೆವು. ಎಳೆಯ ಪ್ರಾಯದಲ್ಲಿ ಇದು ಬಹುಮಟ್ಟಿಗೆ ನಿಜ. ವಯಸ್ಸಾದ ಗಂಡಿನ ವಿಷಯದಲ್ಲಿ ಈ ನಂಬಿಕೆ ಅಪಾಯಕರ.

ನಮ್ಮ ಗಂಡಿಗೆ ಐದನೆಯ ವರ್ಷ ನಡೆಯುತ್ತಿದ್ದಾಗ ಪಂಜರದಿಂದ ದುರ್ವಾಸನೆ ಬರತೊಡಗಿತು. ಹಾಸನ್ನು ದಿನವೂ ಬದಲಿಸಿದರೂ ಅದು ಹೋಗಲಿಲ್ಲ. ಹಿಕ್ಕೆ ಕಡಿಮೆಯಾಯಿತು, ಮೇವು ರುಚಿಸದಾಯಿತು. ಮುಪ್ಪಿನ ಲಕ್ಷಣವೆಂದು ನಾನು ಸುಮ್ಮನಾದೆ. ಮಗಳು ಅತ್ತು ಹಟ ಹಿಡಿದ ಮೇಲೆಯೇ ಪಶುವೈದ್ಯರಲ್ಲಿಗೆ ಕೊಂಡೊಯ್ದೆವು. ಅವರು ಗುದದ್ವಾರದ ಬಳಿಯ ಚರ್ಮದ ಮಡಿಕೆಯನ್ನು ಬಿಡಿಸಿದಾಗ ಒಳಗೆ ಮೆತ್ತನೆಯ ಮಲ ಗಡ್ಡೆಗಟ್ಟಿ ನಿಂತಿತ್ತು. ವಯಸ್ಸಾದ ಗಂಡುಗಳಲ್ಲಿ ಆ ಭಾಗದ ಸ್ನಾಯುಗಳು ಸಡಿಲಗೊಳ್ಳುವುದರಿಂದ ಹೀಗಾಗುತ್ತದೆ. ಗಿನಿಪಿಗ್ ತನ್ನ ಮೆತ್ತನೆಯ ಮಲವನ್ನು ಪುನಃ ತಿಂದು ಪೋಷಕಾಂಶಗಳನ್ನು ಪಡೆಯುವ ಪ್ರಾಣಿ. ಮಲ ಒಳಗೇ ಸಿಕ್ಕಿಕೊಂಡರೆ ನೋವಿನ ಜೊತೆಗೆ ಪೋಷಣೆಯೂ ಕುಂದುತ್ತದೆ.

ಅಂದಿನಿಂದ ಪ್ರತಿ ಭಾನುವಾರ ಹತ್ತು ನಿಮಿಷಗಳನ್ನು ಈ ಕೆಲಸಕ್ಕೆ ಮೀಸಲಿಟ್ಟೆವು. ಅದರ ಕ್ರಮ ಹೀಗಿದೆ:

1. ತೂಕ: ಪ್ರೌಢ ಗಂಡಿನ ತೂಕ ಸಾಮಾನ್ಯವಾಗಿ 900ರಿಂದ 1,200 ಗ್ರಾಂ. ಪ್ರತಿ ವಾರ ಬರೆದಿಡಬೇಕು. ತೂಕ ಇಳಿಯುತ್ತಿದ್ದರೆ ವೈದ್ಯರನ್ನು ಕಾಣಬೇಕು.

2. ಗುದಭಾಗ: ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮಲವನ್ನು ಮೆದುಗೊಳಿಸಿ ಮೆಲ್ಲನೆ ತೆಗೆಯಬೇಕು. ತೊಂದರೆ ಇರುವ ಪ್ರಾಣಿಗೆ ಇದು ದಿನವೂ ಬೇಕಾಗಬಹುದು. ಜನನೇಂದ್ರಿಯದ ಸುತ್ತ ಕೂದಲು, ಹುಲ್ಲಿನ ಎಳೆಗಳೂ ಸೇರಿಕೊಳ್ಳುತ್ತವೆ. ಇವೆರಡನ್ನೂ ಮೊದಲ ಸಲ ವೈದ್ಯರಿಂದಲೇ ಕಲಿಯುವುದು ಕ್ಷೇಮ.

3. ಜಿಡ್ಡಿನ ಗ್ರಂಥಿ: ಬೆನ್ನುಮೂಳೆಯ ಕೊನೆಯಲ್ಲಿ, ಬಾಲವಿರಬೇಕಾದ ಸ್ಥಳದಲ್ಲಿ ಇದೆ. ಗಂಡುಗಳಲ್ಲಿ ಇದು ಹೆಚ್ಚು ಜಿಡ್ಡು ಸ್ರವಿಸುತ್ತದೆ. ಕೂದಲು ಅಂಟಿಕೊಂಡಿದ್ದರೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ, ಜಿಡ್ಡು ಸಡಿಲವಾದ ಮೇಲೆ ಒರೆಸಬೇಕು, ಕೆರೆಯಬಾರದು.

4. ಉಗುರು: ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಮೂರು ಬೆರಳುಗಳು. ಉಗುರಿನೊಳಗೆ ರಕ್ತನಾಳವಿರುವುದರಿಂದ ತುದಿಯನ್ನು ಮಾತ್ರ ಕತ್ತರಿಸಬೇಕು.

ಮೇಲಿಂದ ಮೇಲೆ ಸ್ನಾನ ಮಾಡಿಸುವುದು ಸಲ್ಲದು. ಕೊಳೆಯಾದ ಭಾಗವನ್ನಷ್ಟೇ ತೊಳೆದು ಚೆನ್ನಾಗಿ ಒಣಗಿಸಬೇಕು. ಮಳೆಗಾಲದಲ್ಲಿ ಹಾಸು ಒದ್ದೆಯಾಗಿರಲು ಬಿಡಬಾರದು. ಕೊಳೆಯಾದ ಮೈಮೇಲೆ ನೊಣಗಳು ಮೊಟ್ಟೆಯಿಡಬಹುದು. ಮೈಮೇಲೆ ಕೂದಲುದುರಿದ ತೇಪೆಗಳು ಕಂಡರೆ ಅದು ಹುಳುಕಡ್ಡಿಯಾಗಿರಬಹುದು, ಮಕ್ಕಳಿಗೂ ಅಂಟುತ್ತದೆ. ಆದುದರಿಂದ ಮುಟ್ಟಿದ ಮೇಲೆ ಸೋಪಿನಿಂದ ಕೈತೊಳೆಯುವ ಅಭ್ಯಾಸ ಅವಶ್ಯ.

ಒಳಗಿನ ಆರೋಗ್ಯವಿಲ್ಲದೆ ಹೊರಗಿನ ಶುಚಿತ್ವ ನಿಲ್ಲದು. ಮನುಷ್ಯನಂತೆ ಗಿನಿಪಿಗ್ಗಿಗೂ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿಯಿಲ್ಲ. ಸದಾ ಒಣಹುಲ್ಲು, ಜೊತೆಗೆ ದಿನವೂ ದಪ್ಪ ಮೆಣಸಿನಕಾಯಿಯ ಒಂದು ತುಂಡು ಇರಲಿ. ಮನೆಯ ಔಷಧಿ ಡಬ್ಬಿಯನ್ನು ಮಾತ್ರ ತೆರೆಯಬೇಡಿ. ಪೆನಿಸಿಲಿನ್ ಇದಕ್ಕೆ ಮಾರಕವಾಗಬಲ್ಲದು.

ನಮ್ಮ ಗಿನಿಪಿಗ್ ಆ ಬಳಿಕ ಒಂದು ವರ್ಷಕ್ಕೂ ಮಿಕ್ಕಿ ನೆಮ್ಮದಿಯಿಂದ ಬದುಕಿತು. ಮೂಕಪ್ರಾಣಿ ತನ್ನ ನೋವನ್ನು ಹೇಳಲಾರದು. ಅದರ ಮೈವಾಸನೆ ಬದಲಾದಾಗ ಮುಪ್ಪೆಂದು ಉದಾಸೀನ ಮಾಡದೆ ಕೈಗೆತ್ತಿಕೊಂಡು ಪರೀಕ್ಷಿಸಿ ನೋಡುವುದು ಸಾಕಿದವರ ಕರ್ತವ್ಯ.